ಓಟಕ್ಕೆ ಒಂದು ಗೆರೆ ಇತ್ತು

ಅರೆಕೆರೆಯ ನಮ್ಮ ಮದ್ರಸದಲ್ಲಿ ಏಳನೇ ತರಗತಿ ಮುಗಿಸಿ ಹೋದ ಹುಡುಗನೊಬ್ಬ ಎರಡು ವರ್ಷದ ಹಿಂದೆ ಬರಾಅತ್ ರಾತ್ರಿ ಬನ್ನೇರುಘಟ್ಟ ರಸ್ತೆಯಲ್ಲಿ ಬೈಕ್‌ನಿಂದ ಬಿದ್ದ. ವಯಸ್ಸು ಹದಿನೇಳು. ಬೈಕ್ ಗೆಳೆಯನದ್ದು, ತಲೆಗೆ ಹೆಲ್ಮೆಟ್ ಇರಲಿಲ್ಲ. ಪಕ್ಕದಲ್ಲಿ ಇನ್ನೊಂದು ಬೈಕ್ ಇತ್ತು, ಯಾರು ಮೊದಲು ಸಿಗ್ನಲ್ ಮುಟ್ಟುತ್ತಾರೆ ಎಂಬ ಪಂದ್ಯ. ಅಲ್ಲಾಹನ ದಯೆ, ಜೀವ ಉಳಿಯಿತು. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಎರಡು ಆಪರೇಶನ್, ಏಳು ತಿಂಗಳು ಹಾಸಿಗೆ.

ನಾವು ವಾರಕ್ಕೊಮ್ಮೆ ಅಸರ್ ಆದ ಮೇಲೆ ಅವನನ್ನು ನೋಡಲು ಹೋಗುತ್ತಿದ್ದೆವು. ಮೊದಲ ಮೂರು ವಾರ ಉಪದೇಶ ಮಾಡಿದೆವು. ಅವನು ಗೋಡೆ ಕಡೆ ತಿರುಗಿ ಮಲಗಿದ. ಉಪದೇಶ ಮಾಡುವವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇರೆ ಬೇಕಾ? ನಾಲ್ಕನೇ ವಾರ ಸುಮ್ಮನೆ ಕುಳಿತೆವು. ಆಗ ಅವನೇ ಮೊಬೈಲ್ ನಮ್ಮ ಮುಂದೆ ಹಿಡಿದ. ಒಂದು ಹಳೇ ಕಪ್ಪು ಬಿಳುಪು ಚಿತ್ರ. ಏಣಿಯೊಂದನ್ನು ನೆಲಕ್ಕೆ ಮಲಗಿಸಿ, ಹಿಂದಿನ ತುದಿಗೆ ಎರಡು ದೊಡ್ಡ ಚಕ್ರ, ಮುಂದಿನ ತುದಿಗೆ ಸೈಕಲ್‌ನದ್ದರಂತಹ ಎರಡು ಸಣ್ಣ ಚಕ್ರ ಕಟ್ಟಿದ ಹಾಗಿನ ಗಾಡಿ. ಎಂಜಿನ್‌ನ ಹಿಂದೆ, ಹಿಂಬದಿಯ ಚಕ್ರಗಳ ನಡುವೆ, ಒಬ್ಬ ಮನುಷ್ಯ ಕುಳಿತಿದ್ದಾನೆ.

"ಉಸ್ತಾದ್, ಇದು ಎಂತ ಗೊತ್ತುಂಟಾ?"

ಗೊತ್ತಿರಲಿಲ್ಲ. ಅವನು ಹೇಳಿಕೊಟ್ಟ. ಆ ಏಳು ತಿಂಗಳಲ್ಲಿ ಅವನು ಉಸ್ತಾದ್, ನಾವು ಶಿಷ್ಯ.

ಜೋಡುಕರೆಯ ಲೆಕ್ಕ

ಡ್ರ್ಯಾಗ್ ರೇಸ್ ಎಂದರೆ ಏನು ಎಂದು ನಮ್ಮ ಊರಿನ ಕಡೆಯವರಿಗೆ ಹೇಳುವುದು ಸುಲಭ. ಅದು ಎಂಜಿನ್‌ನ ಜೋಡುಕರೆ ಕಂಬಳ. ಅಕ್ಕಪಕ್ಕ ಎರಡು ನೇರ ದಾರಿ. ತಿರುವಿಲ್ಲ, ಸುತ್ತಿಲ್ಲ. ನಿಂತಲ್ಲಿಂದ ಹೊರಟು ತುದಿ ಮುಟ್ಟಬೇಕು. ಕಂಬಳದಲ್ಲಿ ಗಂತ್‌ನಿಂದ ಮಂಜೊಟ್ಟಿಗೆ ಓಡುವಂತೆ ಇಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡ್‌ನಲ್ಲಿ ಓಡಿದಾಗ ದೇಶವೆಲ್ಲ ಮಾತಾಡಿದ್ದು ನಿಮಗೆ ನೆನಪಿರಬಹುದು. ಡ್ರ್ಯಾಗ್‌ನಲ್ಲೂ ಹಾಗೇ, ಮಾತೆಲ್ಲ ಸೆಕೆಂಡ್‌ನ ತುಂಡುಗಳದ್ದು.

ಇದು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಎರಡನೇ ಮಹಾಯುದ್ಧ ಮುಗಿದು ಮನೆಗೆ ಬಂದ ಹುಡುಗರ ಕೈಯಲ್ಲಿ ಹಳೇ ಫೋರ್ಡ್ ಕಾರುಗಳಿದ್ದವು, ಮೆಕ್ಯಾನಿಕ್ ಕೆಲಸ ಗೊತ್ತಿತ್ತು. ಮಡ್‌ಗಾರ್ಡ್ ಬಿಚ್ಚಿ, ಎಂಜಿನ್ ಬದಲಿಸಿ, ರಾತ್ರಿ ಊರ ಬೀದಿಯಲ್ಲೇ ಪಂದ್ಯ ಕಟ್ಟುತ್ತಿದ್ದರು. ಸತ್ತರು, ಸಾಯಿಸಿದರು, ಪೊಲೀಸರು ಬೆನ್ನು ಹತ್ತಿದರು. ಓದುವಾಗ ನಮಗೆ ನಮ್ಮ ಬನ್ನೇರುಘಟ್ಟ ರಸ್ತೆಯೇ ಕಣ್ಣಮುಂದೆ ಬಂತು.

ಮುಂದೆ ಆದದ್ದು ಮಾತ್ರ ನಮ್ಮಲ್ಲಿ ಆಗಲಿಲ್ಲ. ಅದೇ ಹುಡುಗರಲ್ಲಿ ಕೆಲವರು ಜಾಗ ಹುಡುಕಲು ಹೊರಟರು. 1949ರಲ್ಲಿ ಗೊಲೀಟಾ ಎಂಬಲ್ಲಿ ವಿಮಾನ ನಿಲ್ದಾಣದ ಬಳಿಯ ದಾರಿಯಲ್ಲಿ, 1950ರಲ್ಲಿ ಸಾಂಟಾ ಆನಾದ ವಿಮಾನಪಟ್ಟಿಯಲ್ಲಿ ಓಟ ಶುರುವಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಎನ್‌ಎಚ್‌ಆರ್‌ಎ ಎಂಬ ಸಂಸ್ಥೆ ಕಟ್ಟಿದರು. ಅವರು ಹಾಟ್ ರಾಡ್ ಎಂಬ ಮೋಟಾರು ಪತ್ರಿಕೆಯ ಸಂಪಾದಕರು. ಹುಡುಗರನ್ನು ಬೀದಿಯಿಂದ ಎಬ್ಬಿಸಿ ಗೆರೆ ಎಳೆದ ಪಟ್ಟಿಗೆ ತರುವುದೇ ಅವರ ಉದ್ದೇಶ. 1954ರಿಂದ ಅವರ ಒಂದು ತಂಡ ಊರೂರಿಗೆ ಹೋಗಿ ಓಟವನ್ನು ಸುರಕ್ಷಿತವಾಗಿ ನಡೆಸುವುದು ಹೇಗೆಂದು ಹೇಳಿಕೊಟ್ಟಿತು. ಮೊದಲು ಒಬ್ಬ ಬಾವುಟ ಹಿಡಿದು ಜಿಗಿದು ಓಟ ಬಿಡುತ್ತಿದ್ದ. 1963ರಿಂದ ಕಂಬಕ್ಕೆ ಕಟ್ಟಿದ ಬಣ್ಣದ ದೀಪಗಳು ಬಂದವು. ಹಸಿರು ಬೀಳುವ ಮೊದಲೇ ಹೊರಟರೆ ಕೆಂಪು ದೀಪ, ಎಷ್ಟು ವೇಗ ಓಡಿದರೂ ಸೋಲು.

ಇಂಗ್ಲೆಂಡ್‌ನಲ್ಲೂ ಇದೇ ಕಥೆ. 1966ರಲ್ಲಿ ಶುರುವಾದ ಸಾಂಟಾ ಪಾಡ್ ಪಟ್ಟಿ ಯುದ್ಧಕಾಲದ ವಿಮಾನ ನೆಲೆಯಾಗಿತ್ತು. ಬಾಂಬ್ ಹೊತ್ತು ವಿಮಾನ ಏರುತ್ತಿದ್ದ ರನ್‌ವೇ, ಹುಡುಗರ ಆಟದ ಬಯಲಾಯಿತು.

ಕಾಲು ಕಳಕೊಂಡವನ ಪಾಠ

ಹುಡುಗ ತೋರಿಸಿದ ಚಿತ್ರದಲ್ಲಿದ್ದವರು ಡಾನ್ ಗಾರ್ಲಿಟ್ಸ್. ಫ್ಲೋರಿಡಾದವರು, 1932ರಲ್ಲಿ ಹುಟ್ಟಿದವರು. ತಮ್ಮ ಗಾಡಿಗಳನ್ನು ತಾವೇ ಕಟ್ಟಿ, ಎಲ್ಲಕ್ಕೂ 'ಸ್ವಾಂಪ್ ರ‍್ಯಾಟ್' ಎಂದು ಹೆಸರಿಟ್ಟರು. ಜೌಗಿನ ಇಲಿ ಎಂದು ಅರ್ಥ. 1964ರಲ್ಲಿ ಕಾಲು ಮೈಲಿಯ ತುದಿಯಲ್ಲಿ ಗಂಟೆಗೆ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ವೇಗ ದಾಟಿದರು.

ಆ ಕಾಲದ ಗಾಡಿಗಳಲ್ಲಿ ಎಂಜಿನ್ ಮುಂದೆ, ಚಾಲಕ ಅದರ ಹಿಂದೆ. ಕ್ಲಚ್ಚು, ಗೇರು ಎಲ್ಲ ಅವನ ಕಾಲ ಬಳಿಯೇ. ಏನು ಒಡೆದರೂ ಅವನ ಮೈಮೇಲೆ. 1970ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಬಳಿಯ ಲಯನ್ಸ್ ಪಟ್ಟಿಯಲ್ಲಿ ಗೆರೆ ಬಿಟ್ಟ ಕ್ಷಣದಲ್ಲೇ ಅವರ ಗಾಡಿಯ ಟ್ರಾನ್ಸ್‌ಮಿಷನ್ ಸಿಡಿದು ಗಾಡಿ ಎರಡು ತುಂಡಾಯಿತು. ಅವರ ಬಲ ಪಾದದ ಒಂದು ಭಾಗ ಹೋಯಿತು.

ಇಲ್ಲಿಗೆ ಬಂದಾಗ ಹುಡುಗ ತನ್ನ ಕಾಲಿನ ಕಡೆ ನೋಡಿದ. ನಾವೂ ನೋಡಿದೆವು.

ಗಾರ್ಲಿಟ್ಸ್ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಹೊಸ ಗಾಡಿಯ ಯೋಚನೆ ಮಾಡಿದರು. ಎಂಜಿನ್ ಹಿಂದೆ ಹೋಗಲಿ, ಚಾಲಕ ಮುಂದೆ ಬರಲಿ. ಮರುವರ್ಷ, 1971ರಲ್ಲಿ, ಅಂಥ ಗಾಡಿ ತಂದು ಪೊಮೋನಾದ ದೊಡ್ಡ ಸ್ಪರ್ಧೆಯನ್ನು ಗೆದ್ದರು. ಕೆಲವೇ ವರ್ಷದಲ್ಲಿ ಆ ವರ್ಗದವರೆಲ್ಲ ಎಂಜಿನ್ ಹಿಂದಕ್ಕೆ ಹಾಕಿಕೊಂಡರು. ಹಳೇ ಮಾದರಿ ಮ್ಯೂಸಿಯಮ್ ಸೇರಿತು. ಪೆಟ್ಟಾದ ಒಬ್ಬ ಮನುಷ್ಯ ಮುಂದಿನವರಿಗೆ ಪೆಟ್ಟಾಗದ ಹಾಗೆ ಮಾಡಿದ್ದು ಇದು.

ಇನ್ನೊಂದು ಸಂಗತಿ. 2008ರಲ್ಲಿ ಸ್ಕಾಟ್ ಕಲಿಟಾ ಎಂಬ ಚಾಲಕ ಗೆರೆ ದಾಟಿದ ಮೇಲೆ ಗಾಡಿ ನಿಲ್ಲದೆ ತೀರಿಕೊಂಡರು. ಅದಾದ ಮೇಲೆ ಅತಿ ವೇಗದ ಎರಡು ವರ್ಗಗಳಿಗೆ ಓಟದ ದೂರವನ್ನೇ 402 ಮೀಟರ್‌ನಿಂದ 1000 ಅಡಿಗೆ, ಅಂದರೆ ಸುಮಾರು 305 ಮೀಟರ್‌ಗೆ ಇಳಿಸಿದರು. ಐವತ್ತು ವರ್ಷ ಮೀರಿದ ಸಂಪ್ರದಾಯ ಅದು. ಜೀವದ ಮುಂದೆ ಸಂಪ್ರದಾಯ ದೊಡ್ಡದಲ್ಲ ಎಂದು ಗೆರೆಯನ್ನೇ ಹಿಂದಕ್ಕೆ ಎಳೆದುಕೊಂಡರು. ಕಂಬಳದ ಕರೆಯ ತುದಿಯಲ್ಲಿ ಕೋಣಗಳು ನಿಲ್ಲಲಿಕ್ಕೆಂದೇ ಏರು ಇರುತ್ತದಲ್ಲ, ಹಾಗೆ ಡ್ರ್ಯಾಗ್ ಪಟ್ಟಿಯಲ್ಲೂ ಓಡಲು ಎಷ್ಟು ಜಾಗ ಬೇಕೋ ನಿಲ್ಲಲು ಅದಕ್ಕಿಂತ ಹೆಚ್ಚು ಬೇಕು. ಹಿಂದೆ ಪ್ಯಾರಾಚೂಟ್ ಬೇರೆ ಬಿಚ್ಚಿಕೊಳ್ಳುತ್ತದೆ. ನಮ್ಮ ಬನ್ನೇರುಘಟ್ಟ ರಸ್ತೆಗೆ ಮಂಜೊಟ್ಟಿ ಇಲ್ಲ. ಅಲ್ಲಿ ತುದಿಯಲ್ಲಿರುವುದು ಮೆಟ್ರೋ ಕಂಬ, ಬಸ್ಸು, ಇಲ್ಲವೇ ರಸ್ತೆ ದಾಟುವ ಯಾರದೋ ಉಮ್ಮ.

ಕಾಕ ಬಾಯಿ ಬಿಟ್ಟರು

ಅದೇ ಕೋಣೆಯ ಮೂಲೆಯಲ್ಲಿ ಹುಡುಗನ ಅಜ್ಜ ಕುಳಿತಿರುತ್ತಿದ್ದರು. ನಾವು ಅವರನ್ನು ಕಾಕ ಎನ್ನುತ್ತೇವೆ. ಎಪ್ಪತ್ತು ಹತ್ತಿರ. ಬಂಟ್ವಾಳ ಕಡೆಯವರು, ಹದಿನೈದನೇ ವಯಸ್ಸಿಗೆ ಬೆಂಗಳೂರಿಗೆ ಬಂದವರು. ನಮ್ಮವರು ಹೆಚ್ಚಾಗಿ ಹೋಟೆಲ್ಲು, ಹಣ್ಣಿನ ವ್ಯಾಪಾರ ಹಿಡಿದರೆ ಇವರು ಶಿವಾಜಿನಗರದ ಒಂದು ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದರು. ಅಷ್ಟು ಮಾತ್ರ ಜಮಾಅತಿನವರಿಗೆ ಗೊತ್ತಿತ್ತು.

ಒಂದು ದಿನ ಹುಡುಗ ಯಾವುದೋ ಎಂಜಿನ್‌ನ ಪ್ಲಗ್ ಬಗ್ಗೆ ಹೇಳುತ್ತಿದ್ದ. ಕಾಕ ತಸ್ಬೀಹ್ ಕೆಳಗಿಟ್ಟು, "ಪ್ಲಗ್ ಬಿಚ್ಚಿ ಬಣ್ಣ ನೋಡ್ಬೇಕು ಮೋನೆ. ಕಾಫಿ ಬಣ್ಣ ಬಂದ್ರೆ ಎಂಜಿನ್ ಸರಿ ಉಂಟು. ಬೆಳ್ಳಗಾದ್ರೆ ಪೆಟ್ರೋಲ್ ಸಾಲ್ತಾ ಇಲ್ಲ, ಕರಿ ಮಸಿ ಹಿಡಿದ್ರೆ ಜಾಸ್ತಿ ಆಗಿದೆ. ಶೋಳವರಂನಲ್ಲಿ ನಾನು ಮಾಡ್ತಾ ಇದ್ದದ್ದು ಅದೇ ಕೆಲಸ" ಎಂದರು.

ಕೋಣೆ ಸ್ತಬ್ಧ. ಹುಡುಗ ಎದ್ದು ಕುಳಿತ. "ಅಜ್ಜ, ನೀವು ಶೋಳವರಂಗೆ ಹೋಗಿದ್ರಾ?"

ಶೋಳವರಂ ಮದ್ರಾಸಿನ ಉತ್ತರಕ್ಕೆ ಇರುವ ಊರು. ಅಲ್ಲೂ ಎರಡನೇ ಮಹಾಯುದ್ಧ ಕಾಲದ ಒಂದು ವಿಮಾನಪಟ್ಟಿ. 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರು ಅಲ್ಲಿ ರೇಸ್ ನಡೆಸುತ್ತಿದ್ದರು. ಅಮೆರಿಕದ ಡ್ರ್ಯಾಗ್‌ನಂತೆ ಬರೀ ನೇರ ಓಟವಲ್ಲ, ರನ್‌ವೇಯಲ್ಲೇ ತಿರುವು ಮಾಡಿ ಸುತ್ತು ಹಾಕುವ ಓಟ. ಆದರೆ ಆ ಉದ್ದ ನೇರ ಭಾಗದಲ್ಲಿ ಯಾರ ಎಂಜಿನ್ ಉಸಿರು ಎಷ್ಟು ಎಂದು ತಿಳಿದುಬಿಡುತ್ತಿತ್ತು. ಗೊಂಡಲ್ ರಾಜಮನೆತನದವರು, ವಿಜಯ್ ಮಲ್ಯ, ಕೊಯಮತ್ತೂರಿನ ಕರಿವರ್ಧನ್ ಇಂಥವರು ಅಲ್ಲಿ ಗಾಡಿ ಓಡಿಸಿದವರು. ಮಲ್ಯ ಹೊರದೇಶದಿಂದ ತರಿಸಿದ ಫಾರ್ಮುಲಾ ಕಾರಿನ ಸದ್ದು ಕೇಳಲೆಂದೇ ಜನ ಸೇರುತ್ತಿದ್ದರಂತೆ.

ಕಾಕನ ಗ್ಯಾರೇಜಿನವರದ್ದು ಅಂಥದ್ದಲ್ಲ. ಒಂದು ಫಿಯೆಟ್. ಹೌದು, ನಮ್ಮ ಮಂಗಳೂರಿನಲ್ಲಿ ಮದುವೆಗೆ ಹೂ ಕಟ್ಟಿ ಬರುತ್ತಿದ್ದ ಅದೇ ಫಿಯೆಟ್. 1089 ಸಿಸಿ ಎಂಜಿನ್, ಸುಮಾರು ನಲವತ್ತು ಅಶ್ವಶಕ್ತಿ, ಸ್ಟೀರಿಂಗ್ ಪಕ್ಕದಲ್ಲಿ ಗೇರು. ರೇಸಿಗೆ ಎರಡು ತಿಂಗಳು ಇರುವಾಗ ಕೆಲಸ ಶುರು. ಎಂಜಿನ್‌ನ ಹೆಡ್ ತೆಗೆದು ಸ್ವಲ್ಪ ತೇಯಿಸಿ ಒತ್ತಡ ಹೆಚ್ಚಿಸುವುದು, ಕಾರ್ಬುರೇಟರ್‌ನ ಜೆಟ್ ಬದಲಿಸುವುದು, ಸೈಲೆನ್ಸರ್ ಬಿಚ್ಚಿ ನೇರ ಪೈಪ್ ಹಾಕುವುದು. ಸಾಮಾನು ಜೆ.ಸಿ. ರೋಡ್‌ನಿಂದ, ಇಲ್ಲವೇ ಶಿವಾಜಿನಗರದ ಗುಜರಿಯಿಂದ. ಪ್ಲಗ್ ಮಾತ್ರ ಹೊಸತು, ಮೈಕೋದ್ದು.

ಈ ಹೆಸರು ಕೇಳಿ ನಮಗೆ ನಗು ಬಂತು. ದಿನಾ ಬಸ್ಸಿನ ಬೋರ್ಡ್‌ನಲ್ಲಿ ಅರೆಕೆರೆ ಮೈಕೋ ಲೇಔಟ್ ಎಂದು ಓದುತ್ತೇವೆ. ಮೈಕೋ ಎಂದರೆ ಏನು ಎಂದು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು? ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾಗಿ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಮಾಡುತ್ತಿದ್ದ ಕಂಪನಿ. 2008ರಲ್ಲಿ ಬಾಷ್ ಎಂದು ಹೆಸರಾಯಿತು. ನಾವು ಮಲಗಿ ಏಳುವ ಬಡಾವಣೆಯ ಹೆಸರಲ್ಲೇ ಎಂಜಿನ್‌ನ ಕಿಡಿ ಉಂಟು ಮಾರಾಯ್ರೆ!

ಬೆಂಗಳೂರಿನದ್ದೇ ಇನ್ನೊಂದು ಗಾಡಿಯ ಬಗ್ಗೆಯೂ ಕಾಕ ಹೇಳಿದರು. ಸಿಪಾನಿ ಕಂಪನಿಯ ಡಾಲ್ಫಿನ್. 1982ರಲ್ಲಿ ಬಂದದ್ದು. ಮೈಯೆಲ್ಲ ಫೈಬರ್, ಎಂಜಿನ್ 848 ಸಿಸಿ. ಮನೆಗೆ ಕೊಳ್ಳುವವರು ಮೂಗು ಮುರಿದರೂ ರೇಸಿನವರಿಗೆ ಅದೇ ಹಗುರ ಮೈ ಬೇಕಾಗಿತ್ತು. "ನಾವು ಫಿಯೆಟ್‌ನ ಸೀಟು, ಬಂಪರ್, ಸ್ಟೆಪ್ನಿ ಎಲ್ಲ ಬಿಚ್ಚಿ ಭಾರ ಇಳಿಸ್ತಿದ್ವಿ. ಅವನು ಹುಟ್ಟುವಾಗಲೇ ಬಿಚ್ಚಿಕೊಂಡು ಬಂದವ" ಎಂದು ಕಾಕ ನಕ್ಕರು.

ವಾಸನೆಯೂ ಅವರಿಗೆ ನೆನಪಿತ್ತು. ಕೆಲವು ರೇಸ್ ಗಾಡಿಗಳಿಗೆ ಹರಳೆಣ್ಣೆಯಿಂದ ಮಾಡಿದ ಎಂಜಿನ್ ಆಯಿಲ್ ಹಾಕುತ್ತಿದ್ದರು. ಅದು ಸುಟ್ಟಾಗ ಬರುವ ಸಿಹಿ ಹೊಗೆ ರನ್‌ವೇ ಮೇಲೆಲ್ಲ ಹರಡುತ್ತಿತ್ತು. ಊರಲ್ಲಿ ಉಮ್ಮ ಹೊಟ್ಟೆ ತೊಳೆಯಲು ಕುಡಿಸುತ್ತಿದ್ದ ಎಣ್ಣೆ ಇಲ್ಲಿ ಕಾರಿಗೆ ಕುಡಿಸುತ್ತಾರಲ್ಲ ಎಂದು ಮೊದಲ ಸಲ ಆಶ್ಚರ್ಯಪಟ್ಟಿದ್ದರಂತೆ.

ಹೋದ ಕಾರಲ್ಲೇ ವಾಪಸ್

ನಮ್ಮ ಮನಸ್ಸಿಗೆ ನಾಟಿದ್ದು ಈ ಮುಂದಿನ ಮಾತು. ಟ್ರೇಲರ್ ಎಲ್ಲಿತ್ತು ಆಗ? ರೇಸ್ ಮಾಡುವ ಕಾರನ್ನೇ ಓಡಿಸಿಕೊಂಡು ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಹೋಗುವುದು. ಹಿಂದಿನ ದಿನ ತಪಾಸಣೆ. ಬ್ರೇಕು, ಸ್ಟೀರಿಂಗು, ಟಯರು, ಹೆಲ್ಮೆಟ್ಟು ಎಲ್ಲ ನೋಡುವರು. ಒಂದು ಸಲ ಬ್ಯಾಟರಿಗೆ ಕಟ್ಟಿದ ಪಟ್ಟಿ ಸಡಿಲ ಉಂಟೆಂದು ಇವರ ಕಾರನ್ನು ವಾಪಸ್ ಕಳಿಸಿದರು. ಕಾಕ ಮತ್ತೆ ಬಿಗಿದು ಕಟ್ಟಿ, ಸಾಲಿನ ಕೊನೆಗೆ ಹೋಗಿ ನಿಂತರು. "ಬೇಜಾರಾಗಲಿಲ್ವಾ?" ಎಂದು ಹುಡುಗ ಕೇಳಿದ. "ಎಂತಕ್ಕೆ ಬೇಜಾರು? ಅದು ಬಿಚ್ಚಿ ಬಿದ್ದಿದ್ರೆ ನಮ್ಮ ಡ್ರೈವರ್ ಸಾಯ್ತಿದ್ದ."

ಶೋಳವರಂನಲ್ಲಿ ಎಲ್ಲ ಚೊಕ್ಕವಾಗಿತ್ತು ಎಂದು ಕಾಕ ಹೇಳುವುದಿಲ್ಲ. ಜನ ಪಟ್ಟಿಯ ತೀರಾ ಹತ್ತಿರ ನಿಲ್ಲುತ್ತಿದ್ದರು, ಇವತ್ತಿನ ಮಟ್ಟದ ರಕ್ಷಣೆ ಇರಲಿಲ್ಲ. ಆದರೂ ಶುರುವಿಗೆ ಒಂದು ಗೆರೆ, ಮುಗಿಯಲು ಒಂದು ಗೆರೆ ಇತ್ತು. ಹಳದಿ ಬಾವುಟ ಬೀಸಿದರೆ ಎಂಥ ಶೂರನೂ ವೇಗ ಇಳಿಸಬೇಕಿತ್ತು. ರೇಸ್ ಮುಗಿದ ಮೇಲೆ ಸೀಟು, ಬಂಪರ್, ಸೈಲೆನ್ಸರ್ ಮತ್ತೆ ಹಾಕಿ, ಗಂಟೆಗೆ ಐವತ್ತು ಕಿಲೋಮೀಟರ್‌ನಲ್ಲಿ ಬೆಂಗಳೂರಿಗೆ ವಾಪಸ್. ಬೆಳಗ್ಗೆ ರನ್‌ವೇಯಲ್ಲಿ ಹುಲಿಯಾಗಿದ್ದ ಡ್ರೈವರ್, ರಾತ್ರಿ ಹೆದ್ದಾರಿಯಲ್ಲಿ ಎತ್ತಿನ ಗಾಡಿಗೆ ದಾರಿ ಬಿಡುತ್ತಿದ್ದ. ದಾರಿಯಲ್ಲಿ ಯಾರಾದರೂ ಹಾರ್ನ್ ಹೊಡೆದು ಕೆಣಕಿದರೆ, "ನನ್ನ ಓಟ ಮುಗೀತು, ನೀನು ಹೋಗು" ಎನ್ನುತ್ತಿದ್ದನಂತೆ.

ಕಾಕ ಇದನ್ನೆಲ್ಲ ಮನೆಯಲ್ಲಿ ಯಾಕೆ ಹೇಳಿರಲಿಲ್ಲ? ನಾವು ಕೇಳಿದೆವು. ಅವರ ಕಣ್ಣು ತುಂಬಿತು. "ಹೇಳಿದ್ರೆ ಹುಡುಗ್ರು ಹಾಳಾಗ್ತಾರೆ ಅಂದ್ಕೊಂಡೆ ಉಸ್ತಾದ್. ಮಗನಿಗೂ ಹೇಳ್ಲಿಲ್ಲ, ಇವನಿಗೂ ಹೇಳ್ಲಿಲ್ಲ. ಈಗ ನೋಡಿ, ವೇಗ ಇವನಿಗೆ ತಾನಾಗೇ ಬಂತು. ಗೆರೆ ಮಾತ್ರ ಬರ್ಲಿಲ್ಲ. ಗೆರೆ ಹೇಳಿಕೊಡಬೇಕಾದವ ನಾನು."

ನಾವು ಉತ್ತರ ಹೇಳಲಾಗದೆ ಸುಮ್ಮನಾದೆವು. ಯಾಕೆಂದರೆ ನಮ್ಮದೂ ಅದೇ ತಪ್ಪು. ಬೇಡ ಎಂದು ಹೇಳಿದ್ದೆವೇ ಹೊರತು, ಎಲ್ಲಿ, ಹೇಗೆ ಎಂದು ಹೇಳಿರಲಿಲ್ಲ.

ನಮ್ಮ ಕಿತಾಬಿನಲ್ಲೂ ಉಂಟು

ಪಂದ್ಯ ಎಂದರೆ ಮುಖ ಸಿಂಡರಿಸುವ ನಮ್ಮಂಥವರು ಒಂದು ಹದೀಸನ್ನು ನೆನೆಯಬೇಕು. ಪ್ರವಾದಿ(ಸ) ಕುದುರೆ ಓಟ ನಡೆಸಿದ್ದನ್ನು ಇಬ್ನ್ ಉಮರ್(ರ) ವರದಿ ಮಾಡಿದ್ದು ಬುಖಾರಿಯಲ್ಲಿದೆ. ಓಟಕ್ಕೆಂದೇ ತಯಾರು ಮಾಡಿದ ಕುದುರೆಗಳಿಗೆ ಹಫ್‌ಯಾದಿಂದ ಸನಿಯ್ಯತುಲ್ ವದಾಅ್‌ವರೆಗೆ. ತಯಾರಾಗದ ಕುದುರೆಗಳಿಗೆ ಸನಿಯ್ಯತುಲ್ ವದಾಅ್‌ನಿಂದ ಬನೂ ಝುರೈಕ್ ಮಸೀದಿವರೆಗೆ, ಬಹಳ ಕಡಿಮೆ ದೂರ. ಇಬ್ನ್ ಉಮರ್ ಸ್ವತಃ ಆ ಓಟದಲ್ಲಿದ್ದರು. ಶುರು ಎಲ್ಲಿ, ಕೊನೆ ಎಲ್ಲಿ, ಯಾರಿಗೆ ಎಷ್ಟು ಎಂಬುದೆಲ್ಲ ನಿಗದಿ. ವರ್ಷಗಟ್ಟಲೆ ಇದನ್ನು ಪಾಠ ಮಾಡಿದ ನಮಗೆ, ಕಾಕನ ಮಾತು ಕೇಳಿದ ಮೇಲೆಯೇ ಅದರಲ್ಲಿದ್ದ ಗೆರೆ ಕಂಡಿತು.

ನಮ್ಮ ಕಡೆಯಿಂದಲೇ ಗೆರೆಯೊಳಗೆ ಓಡಿ ಹೆಸರು ಮಾಡಿದವರಿದ್ದಾರೆ. ಕಾಸರಗೋಡಿನ ಮೊಗ್ರಾಲ್‌ನ ಮೂಸಾ ಷರೀಫ್ ಇವತ್ತು ದೇಶದ ದೊಡ್ಡ ರ‍್ಯಾಲಿ ನ್ಯಾವಿಗೇಟರ್‌ಗಳಲ್ಲಿ ಒಬ್ಬರು. ಗೌರವ್ ಗಿಲ್ ಪಕ್ಕದ ಸೀಟಿನಲ್ಲಿ ಕುಳಿತು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದವರು. ಅವರ ಕೆಲಸ ಏನು? ಮುಂದಿನ ತಿರುವು ಎಂಥದ್ದು, ಎಲ್ಲಿ ನಿಧಾನ ಮಾಡಬೇಕು ಎಂದು ಮೊದಲೇ ಬರೆದಿಟ್ಟುಕೊಂಡು ಓದಿ ಹೇಳುವುದು. ನಮ್ಮ ಮಕ್ಕಳ ಪಕ್ಕದ ಸೀಟಿನಲ್ಲಿ ಹಾಗೆ ಓದಿ ಹೇಳುವವರು ಯಾರಿದ್ದಾರೆ?

ಶೋಳವರಂನ ಓಟ ಮುಗಿದು, 1990ರಲ್ಲಿ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೆಯಲ್ಲಿ ಸರಿಯಾದ ಟ್ರ್ಯಾಕ್ ಬಂತು. ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಸ್ಪರ್ಧೆ ಈಗ ಅಲ್ಲೇ ನಡೆದಿದೆ. ಮಾರುತಿ ಎಂಜಿನ್‌ನಿಂದ ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಹೆಸರಲ್ಲಿ ಕೊಯಮತ್ತೂರಿನಲ್ಲಿ 2003ರಿಂದ ಒಂದು ಟ್ರ್ಯಾಕ್ ಉಂಟು. ಲೋಣಾವಳ ಕಡೆಯ ಆಂಬಿ ವ್ಯಾಲಿಯ ವಿಮಾನಪಟ್ಟಿಯಲ್ಲೂ ಡ್ರ್ಯಾಗ್ ಓಟ ನಡೆದಿದೆ. ಸ್ಪರ್ಧಿಸಲು ಎಫ್‌ಎಂಎಸ್‌ಸಿಐ ಎಂಬ ರಾಷ್ಟ್ರೀಯ ಸಂಸ್ಥೆಯ ಲೈಸೆನ್ಸ್ ಬೇಕು. ಆಸೆ ಇರುವ ಹುಡುಗನಿಗೆ ದಾರಿ ಇಲ್ಲ ಎಂದೇನಿಲ್ಲ, ಖರ್ಚು ಉಂಟು, ಶಿಸ್ತು ಉಂಟು.

ಪೋಷಕರಿಗೆ ಒಂದು ಮಾತು. ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲವೇ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂ. ದಂಡ ಆಗಬಹುದು. 2019ರ ತಿದ್ದುಪಡಿಯ ನಂತರ, ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂ. ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಸಿಗದು. ಇಬಾದತ್ತಿನ ರಾತ್ರಿ ವೀಲಿಂಗ್ ಮಾಡುತ್ತಾರೆಂದು ಪೊಲೀಸರು ನಗರದ ಮೇಲ್ಸೇತುವೆಗಳನ್ನೇ ಮುಚ್ಚುವ ಸ್ಥಿತಿ ಬಂದಿದೆಯಲ್ಲ, ಆ ನಾಚಿಕೆ ದಂಡಕ್ಕಿಂತ ದೊಡ್ಡದು.

ಹುಡುಗ ಈಗ ಕೋಲಿಲ್ಲದೆ ನಡೆಯುತ್ತಾನೆ, ಸ್ವಲ್ಪ ಕುಂಟು ಉಳಿದಿದೆ. ಆಟೊಮೊಬೈಲ್ ಡಿಪ್ಲೊಮಾ ಸೇರಿದ್ದಾನೆ. ಈ ಸಲ ಬರಾಅತ್‌ಗೆ ಮೂರು ದಿನ ಇರುವಾಗ ನಾವು ಇಶಾ ಆದ ಮೇಲೆ ದೊಡ್ಡ ಹುಡುಗರನ್ನು ಮದ್ರಸಕ್ಕೆ ಕರೆದೆವು. ಮಾತಾಡಿದ್ದು ನಾವಲ್ಲ, ಕಾಕ. ಡಬ್ಬಿಯಲ್ಲಿ ಇಟ್ಟುಕೊಂಡಿದ್ದ ಹಳೇ ಮೈಕೋ ಪ್ಲಗ್ ಒಂದನ್ನು ಕೈಯಿಂದ ಕೈಗೆ ದಾಟಿಸಿದರು. ಇಪ್ಪತ್ತೆರಡು ಹುಡುಗರು, ಒಬ್ಬನೂ ಮೊಬೈಲ್ ತೆಗೆಯಲಿಲ್ಲ. ಕೊನೆಗೆ ಮೊಮ್ಮಗ ಎದ್ದು ಪ್ಯಾಂಟಿನ ಮೇಲಿಂದಲೇ ತೊಡೆ ಮುಟ್ಟಿ ತೋರಿಸಿ, ಎಲ್ಲಿ ಎಲ್ಲಿ ಕಬ್ಬಿಣ ಹಾಕಿದ್ದಾರೆಂದು ಹೇಳಿದ. ಬರಾಅತ್ ರಾತ್ರಿ ಅವರಲ್ಲಿ ಎಷ್ಟು ಮಂದಿ ಮನೆಯಲ್ಲಿದ್ದರು ಎಂದು ನಾವು ಲೆಕ್ಕ ಹಾಕಲು ಹೋಗಲಿಲ್ಲ. ಮಸೀದಿಯ ಸಫ್‌ನಲ್ಲಿ ಹನ್ನೊಂದು ಮುಖ ಕಂಡೆವು, ಅಲ್‌ಹಮ್ದುಲಿಲ್ಲಾಹ್.

ನಿಮ್ಮ ಮನೆಯಲ್ಲೂ ಇಂಥ ಒಬ್ಬ ಅಜ್ಜ ಇರಬಹುದು. ಟ್ಯಾಕ್ಸಿ ಓಡಿಸಿದವರು, ಲಾರಿಯಲ್ಲಿ ಘಾಟಿ ಇಳಿದವರು, ಗಲ್ಫಿನಲ್ಲಿ ಗ್ಯಾರೇಜು ನೋಡಿಕೊಂಡವರು. ಅವರ ಹಳೇ ಕಥೆಯಲ್ಲಿ ವೇಗವೂ ಇರುತ್ತದೆ, ನಿಲ್ಲಿಸಿದ ಜಾಗವೂ ಇರುತ್ತದೆ. ಇವತ್ತು ಊಟವಾದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಮ್ಮೆ ಕೇಳಿ ನೋಡಿ.